ರೋಗಿ ಹೆದರುವ ಬಣ್ಣ, ನಾವು ಹೆದರಬೇಕಾದ ಬಣ್ಣ



ಮದುವೆ ಗೊತ್ತಾದ ಮಗಳನ್ನು ಕರೆತಂದು "ಡಾಕ್ಟ್ರೇ, ಇವಳ ವಸಡು ಕಪ್ಪಗಿದೆ, ಏನಾದರೂ ಮಾಡಿ" ಎನ್ನುವ ತಾಯಂದಿರನ್ನು ದಂತವೈದ್ಯರಾದ ನೀವೆಲ್ಲ ಕಂಡಿದ್ದೀರಿ. ದವಡೆಹಲ್ಲು ನೋವೆಂದು ಬಂದವರ ನಾಲಿಗೆಯ ಅಡಿಯಲ್ಲಿ, ಅವರಿಗೇ ಗೊತ್ತಿಲ್ಲದ, ನೋವಿಲ್ಲದ ಕೆಂಪು ಮಚ್ಚೆಯನ್ನೂ ಕಂಡಿರುತ್ತೀರಿ. ಆ ಹುಡುಗಿಯ ವಸಡಿನ ಕಪ್ಪು ಮೈಬಣ್ಣದ ಜೊತೆಗೇ ಬಂದ ಮೆಲನಿನ್. ಎರಡೂ ಬದಿ ಸಮನಾಗಿ ಹರಡಿ, ವರ್ಷಗಟ್ಟಲೆ ಹಾಗೇ ಇರುವ ಆ ಬಣ್ಣಕ್ಕೆ ಧೈರ್ಯದ ಮಾತೇ ಸಾಕು. ಕೆಂಪು ಮಚ್ಚೆಯನ್ನು ಮಾತ್ರ ಜೆಲ್ ಬರೆದುಕೊಟ್ಟು ಮನೆಗೆ ಕಳಿಸುವಂತಿಲ್ಲ.

ಬಾಯಿಯ ರೋಗಗಳ ಸಂಶೋಧಕರಾದ ಶೇಫರ್ ಮತ್ತು ವಾಲ್ಡ್ರನ್ 1975ರಲ್ಲಿ ಬಿಳಿ, ಕೆಂಪು ಎರಡೂ ಬಣ್ಣಗಳ ಲೆಕ್ಕ ಕೊಟ್ಟರು. 3,256 ಬಿಳಿ ಮಚ್ಚೆಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗ ನಿರಪಾಯಕಾರಿಯಾಗಿದ್ದವು. 65 ಕೆಂಪು ಮಚ್ಚೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗಲೇ ಆಳಕ್ಕಿಳಿದ ಕ್ಯಾನ್ಸರ್. ಉಳಿದವುಗಳಲ್ಲೂ ಹೆಚ್ಚಿನವು ಅದರ ಹೊಸ್ತಿಲಲ್ಲಿದ್ದವು. ಹಾಗಾಗಿ ಬಿಳಿಯ ನಡುವೆ ಕೆಂಪು ಇಣುಕಿದರೆ ಬಯಾಪ್ಸಿಯ ತುಣುಕನ್ನು ಆ ಕೆಂಪಿನಿಂದಲೇ ತೆಗೆಯಿರಿ.

ಬಿಳಿಯ ವಿಚಾರದಲ್ಲಿ ಗಾಜ್ ತುಂಡೊಂದು ಅರ್ಧ ಉತ್ತರ ಹೇಳುತ್ತದೆ. ಒರೆಸಿದಾಗ ಕಿತ್ತು ಬಂದರೆ ಕ್ಯಾಂಡಿಡಾ ಬೂಸು ಇರಬಹುದು. ಆಗ ಸಕ್ಕರೆ ಕಾಯಿಲೆ, ಉಬ್ಬಸದ ಇನ್‌ಹೇಲರ್, ರಾತ್ರಿಯೂ ತೆಗೆಯದ ಹಲ್ಲಿನ ಸೆಟ್ಟು, ಎಚ್‌ಐವಿ ಎಲ್ಲವನ್ನೂ ವಿಚಾರಿಸಬೇಕು. ಕೆನ್ನೆಯನ್ನು ಎಳೆದಾಗ ಮಾಯವಾದರೆ ಅದು ಲ್ಯೂಕೊಎಡಿಮಾ, ಚಿಂತೆ ಬೇಡ. ಎರಡೂ ಕೆನ್ನೆಗಳಲ್ಲಿ ಬಿಳಿ ಗೆರೆಗಳ ಬಲೆ ಕಂಡರೆ ಲೈಕನ್ ಪ್ಲೇನಸ್ ನೆನಪಿಗೆ ಬರಲಿ. ಮುರಿದ ಹಲ್ಲು ಉಜ್ಜುತ್ತಿದ್ದರೆ ಅದನ್ನು ನಯಮಾಡಿ ಎರಡು ವಾರ ಕಾಯಿರಿ. ಒರೆಸಿದರೆ ಹೋಗದ, ಕಾರಣ ತೆಗೆದರೂ ಉಳಿಯುವ, ಬೇರೆ ಯಾವ ಕಾಯಿಲೆಯ ಹೆಸರನ್ನೂ ಇಡಲಾಗದ ಬಿಳಿ ಮಚ್ಚೆಗೆ ಮಾತ್ರ ಲ್ಯೂಕೊಪ್ಲೇಕಿಯಾ ಎಂದು ಬರೆಯಿರಿ.

ನಮ್ಮ ನಾಡಿನಲ್ಲಿ ಇನ್ನೊಂದು ಬಿಳುಪು ಇದೆ. ಅದರ ಬಗ್ಗೆ ಹೇಳುವಾಗ ನನಗೆ ಸಂಕಟವಾಗುತ್ತದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಈ ಸಭೆಯಲ್ಲಿ ಕೂತಿರುವ ಹಲವರ ಓದಿನ ಖರ್ಚನ್ನು ತೋಟವೇ ಕೊಟ್ಟಿದೆ. ಆದರೂ ಅಡಿಕೆಯ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರನ್ನು ಬೆಳೆಸುತ್ತದೆ, ಅಡಿಕೆಯಲ್ಲಿರುವ ತಾಮ್ರ ಆ ನಾರನ್ನು ಬಿಗಿಯುತ್ತದೆ. ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಐವರು ಹೆಂಗಸರಲ್ಲಿ ಶ್ವಾರ್ಟ್ಸ್ ಎಂಬವರು 1952ರಲ್ಲಿ ಗುರುತಿಸಿದ್ದು ಕೆನ್ನೆ ಬಿಗಿಯುವ ಇದೇ ಕಾಯಿಲೆ. ತಂಬಾಕು ಬೆರೆಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ನಮ್ಮಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಅದೇ ಗೂಡಂಗಡಿಯಲ್ಲಿ ತೂಗಾಡುತ್ತಿವೆ, ಬಾಯಿಗೆ ಬಿದ್ದ ಮೇಲೆ ಎರಡೂ ಸೇರಿ ಗುಟ್ಕಾವೇ.

ಇಂಥ ರೋಗಿ "ಬಾಯಲ್ಲಿ ಬಿಳುಪು" ಎಂದು ಬರುವುದಿಲ್ಲ. ಸಾರು ಉರಿಯುತ್ತದೆಂದು ಬಿಟ್ಟು ಮಜ್ಜಿಗೆ ಅನ್ನಕ್ಕೆ ಇಳಿದಿರುತ್ತಾನೆ, ಮೆಡಿಕಲ್ ಶಾಪಿನಲ್ಲಿ "ಉಷ್ಣ ಆಗಿದೆ" ಎಂದು ಬಿ ಕಾಂಪ್ಲೆಕ್ಸ್ ಗುಳಿಗೆ ನುಂಗಿರುತ್ತಾನೆ. ಅವನದೇ ಮೂರು ಬೆರಳು ಒಂದರ ಮೇಲೊಂದು ಬಾಯೊಳಗೆ ಹೋಗುತ್ತವೆಯೇ ನೋಡಿ. ಕೆನ್ನೆ ಅಮೃತಶಿಲೆಯಂತೆ ಬೆಳ್ಳಗಾಗಿರುತ್ತದೆ, ಬೆರಳಾಡಿಸಿದರೆ ಪಟ್ಟಿಗಳು ಕೈಗೆ ಹತ್ತುತ್ತವೆ. ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನ ಹುಡುಗರಲ್ಲಿ ಇದನ್ನು ಕಾಣುವುದು ನಮ್ಮೆಲ್ಲರ ನಿದ್ದೆ ಕೆಡಿಸಬೇಕಾದ ಸಂಗತಿ.

ಕಪ್ಪಿಗೆ ಮರಳುತ್ತೇನೆ. ಹುಟ್ಟಿನಿಂದ ಬಂದ ಕಪ್ಪು ಬೇರೆ, ಇತ್ತೀಚೆಗೆ ಬಂದದ್ದು ಬೇರೆ. ಹೊಸ ಕಪ್ಪಿನ ಜೊತೆ ಸುಸ್ತು, ತೂಕದ ಇಳಿಕೆ, ಕಡಿಮೆ ರಕ್ತದೊತ್ತಡ ಇದ್ದರೆ 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ ಅಡ್ರಿನಲ್ ಗ್ರಂಥಿಯ ಕಾಯಿಲೆಯನ್ನು ಯೋಚಿಸಿ. ಆ ಗ್ರಂಥಿಯನ್ನು ಕ್ಷಯರೋಗವೂ ಹಾಳುಮಾಡುತ್ತದೆ. ಬೆಳ್ಳಿಯ ಫಿಲ್ಲಿಂಗ್ ಪಕ್ಕದ ಬೂದು ಕಲೆ ಅಮಾಲ್ಗಮ್‌ನದಿರಬಹುದು, ಎಕ್ಸ್‌ರೇಯಲ್ಲಿ ಲೋಹದ ಚೂರು ಕಂಡರೆ ಅನುಮಾನ ತೀರಿತು. ಅಂಗುಳದ ನೀಲಿ ಛಾಯೆಗೆ ಕ್ಲೋರೋಕ್ವಿನ್ ಕಾರಣವಿರಬಹುದು, ಮಾತ್ರೆಗಳ ಪಟ್ಟಿ ಕೇಳಿ. ಆದರೆ ಅಂಗುಳದಲ್ಲೋ ಮೇಲ್ವಸಡಿನಲ್ಲೋ ಬೆಳೆಯುತ್ತಿರುವ ಒಂಟಿ ಕಪ್ಪು ಮಚ್ಚೆ ಮೆಲನೋಮಾ ಆಗಿರಬಹುದು, ಅದಕ್ಕೆ ಒಂದು ದಿನವೂ ಕಾಯಬೇಡಿ.

ಬಯಾಪ್ಸಿ ಎಂದೊಡನೆ "ಕತ್ತಿ ತಾಗಿದರೆ ಹರಡುತ್ತೆ" ಎಂದು ರೋಗಿಯ ಮನೆಯವರು ತಡೆಯುತ್ತಾರೆ. ಬಯಾಪ್ಸಿಯಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲವೆಂದು ಕೂರಿಸಿಕೊಂಡು ಹೇಳಿ. ಟೊಲುಯಿಡಿನ್ ನೀಲಿ ಎಲ್ಲಿಂದ ತುಣುಕು ತೆಗೆಯಬೇಕೆಂದು ತೋರಿಸಬಲ್ಲದು, ತೀರ್ಪು ಮಾತ್ರ ಸೂಕ್ಷ್ಮದರ್ಶಕದ್ದು. ತಾಲ್ಲೂಕಿನ ವೈದ್ಯರಿಗೆ ಇಲ್ಲಿ ಎದುರಾಗುವ ತೊಡಕು ತುಣುಕನ್ನು ಎಲ್ಲಿಗೆ ಕಳಿಸುವುದು, ಖರ್ಚು ಯಾರು ಕೊಡುವುದು ಎಂಬುದು. ಆದ್ದರಿಂದ ನಾಳಿನ ಸರ್ವಸದಸ್ಯರ ಸಭೆಯಲ್ಲಿ ಒಂದು ಠರಾವು ತರುತ್ತಿದ್ದೇನೆ: ನಮ್ಮ ಸಂಘದ ಪ್ರತಿ ಸದಸ್ಯರ ಕ್ಲಿನಿಕ್‌ನಲ್ಲೂ ಫಾರ್ಮಲಿನ್ ಬಾಟಲಿ ಇರಬೇಕು, ಅದರಲ್ಲಿ ಬಂದ ತುಣುಕನ್ನು ಹತ್ತಿರದ ದಂತವೈದ್ಯ ಕಾಲೇಜಿನ ಪೆಥಾಲಜಿ ವಿಭಾಗ ರೋಗಿಗೆ ಖರ್ಚಿಲ್ಲದೆ ಪರೀಕ್ಷಿಸಿಕೊಡಬೇಕು. ಕಾಲೇಜುಗಳ ಪ್ರಾಂಶುಪಾಲರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಒಪ್ಪಿಗೆಯನ್ನು ನಾಳೆ ಅವರಿಂದಲೇ ಕೇಳುತ್ತೇನೆ.