ಶಾಲೆ ಎಲ್ಲಿದೆ, ನಾವು ಎಲ್ಲಿದ್ದೇವೆ?

ಆದಿತ್ಯನಗರದಲ್ಲಿ, ಮಳಖೇಡದ ಮಗ್ಗುಲಲ್ಲೇ ನಿಂತು ಮಾತಾಡ್ತಿದ್ದೇವೆ. ರಾಷ್ಟ್ರಕೂಟರ ರಾಜಧಾನಿ ಅಂತ ಪಾಠದಲ್ಲಿ ಓದಿದ್ದೇವೆ. ಈ ನೆಲದ ಸುಣ್ಣಕಲ್ಲು ಸಿಮೆಂಟಾಗಿ ಎಲ್ಲೆಲ್ಲೋ ಗೋಡೆ ಎಬ್ಬಿಸಿತು. ಶಹಾಬಾದಿನ ಕಲ್ಲು ಯಾರ್ಯಾರದೋ ಶಾಲೆಯ ನೆಲಕ್ಕೆ ಹಾಸಾಯಿತು. ಕಲ್ಲು ಒಡೆದವರ ಮಕ್ಕಳು ಆ ನೆಲದ ಮೇಲೆ ಕೂತರಾ?

ಹಿಂದೆ ನಮ್ಮವರನ್ನು ಬಾಗಿಲ ಹೊರಗೆ ಕೂರಿಸಿದರು. ಈಗ ಬಾಗಿಲು ತೆರೆದೇ ಇದೆ ಅಂತಾರೆ. ಆದರೆ ಕೇರಿಯ ಹತ್ತಿರದ ಶಾಲೆ ಊರಾಚೆ ಹೆದ್ದಾರಿಗೆ ಹೋದರೆ ಮೋಟಾರು ಇದ್ದವರ ಮಗ ಹೋಗ್ತಾನ, ಕೂಲಿಯವರ ಮಗಳು ಮನ್ಯಾಗ ಉಳೀತಾಳ. "ಬರಬ್ಯಾಡ ಅಂತ ನಾವು ಅಂದಿಲ್ಲಲ್ರೀ" ಅಂತಾರೆ. ಹೌದು, ಅಂದಿಲ್ಲ. ಅವರ ಪರವಾಗಿ ದೂರವೇ ಅಂದಿದೆ.

ಕಟ್ಟಡ ಕದಲಿಸದೆಯೂ ಶಾಲೆಯನ್ನು ದೂರ ಮಾಡಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಯ ಒಂದನೇ ತರಗತಿಯಲ್ಲಿ ನೆರೆಹೊರೆಯ ಬಡ, ದಲಿತ ಮಕ್ಕಳಿಗೆ ನೂರಕ್ಕೆ 25 ಸೀಟು ಇಟ್ಟಿತು. 2019ರ ಜನವರಿಯಲ್ಲಿ ಕರ್ನಾಟಕ ಸರಕಾರ ನಿಯಮ ತಿದ್ದಿತು: ಹತ್ತಿರ ಸರಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಅದೇ ಮೇ ತಿಂಗಳಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ 2024ರಲ್ಲಿ ಇಂಥದೇ ನಿಯಮ ತಂದಾಗ ಬಾಂಬೆ ಹೈಕೋರ್ಟು ಹೊಡೆದುಹಾಕಿತು. ಗಡಿಯಾಚೆ ತಪ್ಪಾದದ್ದು ಈಚೆ ಸರಿ ಹ್ಯಾಂಗಾತು?

ಸರಕಾರಿ ಶಾಲೆ ನಮ್ಮದೇ, ಅದನ್ನು ಗಟ್ಟಿ ಮಾಡಬೇಕು, ಒಪ್ಪಿದೆವು. ಆದರೆ ಉಳ್ಳವರ ಮಗು ನಮ್ಮ ಮಗುವಿನ ಬುತ್ತಿಯ ರೊಟ್ಟಿಯನ್ನು ಒಂದು ದಿನವೂ ಹಂಚಿಕೊಳ್ಳದೆ ದೊಡ್ಡದಾದರೆ, ನಾಳೆ ಅದೇ ಸಾಹೇಬನಾಗಿ ಕೂತಾಗ ನಮ್ಮ ಅರ್ಜಿಯನ್ನು ಹೇಗೆ ಓದೀತು?

ಬಾಬಾಸಾಹೇಬರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಅಷ್ಟಕ್ಕೇ ನಿಲ್ಲದೆ 1950ರಲ್ಲಿ ಔರಂಗಾಬಾದಿನಲ್ಲಿ ಇನ್ನೊಂದು ಕಾಲೇಜು ತೆರೆದರು, ಅದೇ ಮಿಲಿಂದ. ಆಗ ಔರಂಗಾಬಾದೂ ನಮ್ಮ ಕಲಬುರ್ಗಿಯೂ ಒಂದೇ ಹೈದರಾಬಾದ್ ರಾಜ್ಯದವು. ಹಿಂದುಳಿದ ನಾಡಿನ ಮಕ್ಕಳನ್ನು ಮುಂಬಯಿಗೆ ಬನ್ನಿ ಎನ್ನಲಿಲ್ಲ, ಕಾಲೇಜನ್ನೇ ಅವರ ಬಳಿಗೆ ಒಯ್ದರು. ಶಾಲೆ ಸಾಗಿಸುವುದಾದರೆ ಹೀಗೆ ಸಾಗಿಸಬೇಕು.

ಹಾಸ್ಟೆಲಿನ ಗೆಳೆಯರೇ, ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯಲ್ಲಿ ಎಲ್ಲೇ ಶಾಲೆ ಕದಲಲಿ, ಕೇಳಿರಿ: ಎಷ್ಟು ಕಿಲೋಮೀಟರು? ಬಸ್ಸು ಎಷ್ಟು ಗಂಟೆಗೆ? ಹೆಣ್ಣುಮಕ್ಕಳು ಸಂಜೆ ಹ್ಯಾಂಗ ತಿರುಗಿ ಬರ್ತಾರ? ಐದನೇ ತರಗತಿವರೆಗೆ 1 ಕಿಲೋಮೀಟರು, ಎಂಟನೆಯವರೆಗೆ 3 ಕಿಲೋಮೀಟರೊಳಗೆ ಶಾಲೆ ಇರಬೇಕೆಂದು ನಿಯಮವೇ ಹೇಳುತ್ತದೆ. ಆ ಕಾಯ್ದೆ 14ನೇ ವಯಸ್ಸಿಗೆ ಮುಗಿಯುತ್ತದೆ. ಹೈಸ್ಕೂಲಿನ ದೂರದ ದಾರಿ ಶುರುವಾಗೋದು ಅಲ್ಲಿಂದಲೇ. ಆ ದಾರಿಯಲ್ಲಿ ಯಾರು ಉಳಿದರು ಅಂತ ಬೆಂಚು ಬೆಂಚು ಎಣಿಸಿ, ಬರೆದುಕೊಂಡು ಬನ್ನಿ. ಅರ್ಜಿಯನ್ನು ಎಲ್ಲರೂ ಕೂಡಿ ಬರೆಯೋಣ.

ಜೈ ಭೀಮ್.