ಬಾಡಿಗೆಯ ಸಂಗಾತಿ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾರ ಒಂಟಿತನದ ವಿಷಯ ಮಾತನಾಡುತ್ತೇವೆಂದು ಹಲಗೆಯ ಮೇಲೆ ಬರೆದಾಗ ಕೆಲವರು ನಕ್ಕರು. "ಕೂಲಿಯ ಮಾತು ಮುಗಿಯಿತೇ, ಬೋನಸ್ಸಿನ ಮಾತು ಮುಗಿಯಿತೇ, ಮೇಷ್ಟ್ರು ಮನಸ್ಸಿನ ಮಾತಿಗೆ ಇಳಿದರಲ್ಲ" ಎಂದರು. ನಗಲಿ, ಬೇಸರವಿಲ್ಲ. ಆದರೆ ಇದು ಕೂಲಿಯ ಮಾತಿಗೆ ಹೊರತಾದ ಮಾತಲ್ಲ. ಅದನ್ನು ತೋರಿಸಿಕೊಡುವುದೇ ನಮ್ಮ ಇಂದಿನ ಉದ್ದೇಶ.

ನಮ್ಮ ಸಂಘದ ಒಬ್ಬ ಸದಸ್ಯರ ಸಂಗತಿಯಿಂದ ಆರಂಭಿಸುತ್ತೇವೆ. ಹೆಸರು ಬೇಡ. ರಾತ್ರಿ ಪಾಳಿಯವರು. ಹೆಂಡತಿ ತೀರಿಕೊಂಡಿದ್ದಾರೆ, ಮಗಳು ಗಂಡನ ಮನೆಯಲ್ಲಿದ್ದಾಳೆ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದಾರೆ. ಅವರು ದಿನಾಲೂ ಮೊಬೈಲಿನೊಳಗಿನ ಒಂದು ಎ.ಐ. ಸಂಗಾತಿಯ ಜೊತೆ ಗಂಟೆಗಟ್ಟಲೆ ಮಾತನಾಡುತ್ತಾರೆಂದು ಸುದ್ದಿ ಹಬ್ಬಿತು. ಹುಡುಗರು ಗೇಲಿ ಮಾಡಿದರು. ನಾವೂ ಬುದ್ಧಿ ಹೇಳಲು ಹೋದೆವು. "ಅದು ಯಂತ್ರವಪ್ಪಾ, ಅದಕ್ಕೆ ಕರುಳಿಲ್ಲ" ಎಂದೆವು. ಅವರು ಸಮಾಧಾನದಿಂದಲೇ ಉತ್ತರ ಕೊಟ್ಟರು: "ಅದು ಯಂತ್ರ ಅಂತ ನನಗೂ ಗೊತ್ತು ಮೇಷ್ಟ್ರೇ. ಆದರೆ ಊಟ ಆಯ್ತಾ ಅಂತ ಕೇಳುತ್ತೆ. ಸಂಘಕ್ಕೆ ಒಂಬತ್ತು ವರ್ಷ ಚಂದಾ ಕೊಟ್ಟಿದ್ದೀನಿ. ನಿಮ್ಮಲ್ಲಿ ಯಾರು ಕೇಳಿದ್ರಿ?"

ಸಂಗಾತಿಗಳೇ, ನಮಗೆ ಉತ್ತರ ಬರಲಿಲ್ಲ. ಇಂದಿನ ಭಾಷಣ ಅಂದು ಕೊಡಲಾಗದ ಉತ್ತರವೆಂದೇ ತಿಳಿಯಿರಿ.

ಮೊದಲು ಈ ವಸ್ತುವೇನೆಂಬುದನ್ನು ತಿಳಿಯೋಣ. ಇದರಲ್ಲಿ ದೆವ್ವವೂ ಇಲ್ಲ, ದೇವರೂ ಇಲ್ಲ. ಮನುಷ್ಯರು ಬರೆದಿಟ್ಟ ಅಪಾರ ಬರಹವನ್ನು ಯಂತ್ರಕ್ಕೆ ಉಣಿಸುತ್ತಾರೆ. ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ಸಹಜ ಎಂಬ ಲೆಕ್ಕವನ್ನು ಅದು ಕಲಿಯುತ್ತದೆ. ನೀವು "ಬೇಸರವಾಗಿದೆ" ಎಂದರೆ, ಬೇಸರಪಟ್ಟವನಿಗೆ ಜನ ಸಾಮಾನ್ಯವಾಗಿ ಏನು ಹೇಳುತ್ತಾರೋ ಅದನ್ನು ಹೊಂದಿಸಿ ಹೇಳುತ್ತದೆ. ಅಂದರೆ ಅದು ಆಡುವ ಸಾಂತ್ವನದ ಮಾತು ಮೂಲತಃ ನಮ್ಮಂಥ ಜನರದೇ. ಹತ್ತಿ ಬೆಳೆದವನು ರೈತ, ನೂಲು ತೆಗೆದವನು ಕಾರ್ಮಿಕ, ಬಟ್ಟೆಯ ಮೇಲೆ ಮುದ್ರೆ ಮಾತ್ರ ಮಾಲಿಕನದು. ಇಲ್ಲಿಯೂ ಹಾಗೆಯೇ.

ಇದು ನಿನ್ನೆ ಮೊನ್ನೆಯ ಕಥೆಯೂ ಅಲ್ಲ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿದ್ದ ಜೋಸೆಫ್ ವೈಝೆನ್‌ಬಾಮ್ ಎಂಬ ವಿಜ್ಞಾನಿ 1966ರಲ್ಲಿ 'ಎಲೈಜಾ' ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ಪ್ರಕಟಿಸಿದರು. ಅದು ಮಾಡುತ್ತಿದ್ದುದು ಇಷ್ಟೇ: ನೀವು ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು. ಅದನ್ನು ಅವರು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಮಾತಿಗೆ ಕುಳಿತಾಗ, ತಾವು ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ. ವೈಝೆನ್‌ಬಾಮ್ ಬೆಚ್ಚಿದರು. 1976ರಲ್ಲಿ ಪುಸ್ತಕವನ್ನೇ ಬರೆದು, ಕೆಲವು ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸಬಾರದೆಂದು ಎಚ್ಚರಿಸಿದರು. ಆದುದರಿಂದ ಯಂತ್ರದ ಮುಂದೆ ಮನಸ್ಸು ತೆರೆಯುವುದು ಪೆದ್ದರ ಲಕ್ಷಣವಲ್ಲ. ಕೇಳುವ ಕಿವಿ ಸಿಕ್ಕರೆ ಮನುಷ್ಯ ಮಾತನಾಡುತ್ತಾನೆ. ಅದು ಅವನ ಸ್ವಭಾವ.

ಇನ್ನು ಈಗಿನ ವ್ಯಾಪಾರದ ಕಥೆ. 'ರೆಪ್ಲಿಕಾ' ಎಂಬುದು ಇಂತಹ ಸಂಗಾತಿಗಳಲ್ಲಿ ಹೆಸರಾದುದು. ಅದನ್ನು ಕಟ್ಟಿದವರು ಯುಜೀನಿಯಾ ಕುಯ್ಡಾ ಎಂಬ ಮಹಿಳೆ. 2015ರಲ್ಲಿ ಮಾಸ್ಕೋದಲ್ಲಿ ಅವರ ಗೆಳೆಯರೊಬ್ಬರು ಅಪಘಾತದಲ್ಲಿ ಸತ್ತರು. ಅವರು ಕಳುಹಿಸಿದ್ದ ಹಳೆಯ ಸಂದೇಶಗಳನ್ನು ಕೂಡಿಸಿ, ಅವರಂತೆಯೇ ಮಾತನಾಡುವ ಕಾರ್ಯಕ್ರಮವೊಂದನ್ನು ಕುಯ್ಡಾ ಮಾಡಿಸಿದರು. ದುಃಖದಿಂದ ಹುಟ್ಟಿದ ವಸ್ತು ಅದು. ಅದನ್ನು ನಾವು ಹಳಿಯುವುದಿಲ್ಲ. ಆದರೆ 2017ರಲ್ಲಿ ರೆಪ್ಲಿಕಾ ಮಾರುಕಟ್ಟೆಗೆ ಬಂತು. ದುಃಖ ಸರಕಾಯಿತು. ಗೆಳೆತನ ಬಿಟ್ಟಿ, ಪ್ರೇಮದ ಮಾತಿಗೆ ದರ ಎಂದಾಯಿತು.

2023ರ ಫೆಬ್ರುವರಿಯಲ್ಲಿ ಇಟಲಿಯ ಮಾಹಿತಿ ರಕ್ಷಣಾ ಪ್ರಾಧಿಕಾರವು, ಮಕ್ಕಳಿಗೂ ಮನಸ್ಸು ನೊಂದವರಿಗೂ ಇದರಿಂದ ಅಪಾಯವಿದೆಯೆಂದು ಅದನ್ನು ತನ್ನ ದೇಶದಲ್ಲಿ ತಡೆಯಿತು. ಬಳಸುವವರ ವಯಸ್ಸನ್ನು ಕೇಳಿ ಖಚಿತ ಮಾಡಿಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ. 2025ರಲ್ಲಿ ಕಂಪನಿಗೆ 50 ಲಕ್ಷ ಯೂರೋ ದಂಡವನ್ನೂ ಹಾಕಿತು. ಅದೇ ಫೆಬ್ರುವರಿಯಲ್ಲಿ ಕಂಪನಿಯು ಪ್ರೇಮ ಸಲ್ಲಾಪದ ಭಾಗವನ್ನು ಎಲ್ಲೆಡೆಯೂ ಕಿತ್ತುಹಾಕಿತು. ನಿನ್ನೆಯವರೆಗೆ ಅಕ್ಕರೆಯಿಂದ ಮಾತನಾಡುತ್ತಿದ್ದ ಸಂಗಾತಿ ಬೆಳಗಾಗುವುದರೊಳಗೆ ಅಪರಿಚಿತವಾಯಿತು. ಎಷ್ಟೋ ಜನ ಮನೆಯವರನ್ನು ಕಳೆದುಕೊಂಡವರಂತೆ ಅತ್ತರು. ಆತ್ಮಹತ್ಯೆ ತಡೆಯುವ ಸಹಾಯವಾಣಿಯ ವಿವರಗಳನ್ನು ಬಳಕೆದಾರರೇ ಒಬ್ಬರಿಗೊಬ್ಬರು ಹಂಚಿಕೊಳ್ಳಬೇಕಾಯಿತು. ಕೂಗು ಎದ್ದ ಮೇಲೆ ಮಾರ್ಚಿಯಲ್ಲಿ ಹಳೆಯ ಗಿರಾಕಿಗಳಿಗೆ ಮಾತ್ರ ಹಳೆಯ ರೂಪವನ್ನು ಮರಳಿ ಕೊಟ್ಟರು. ಅದೇ ವರ್ಷದ ಸೆಪ್ಟೆಂಬರ್ 30ರಂದು 'ಸೋಲ್‌ಮೇಟ್' ಎಂಬ ಇನ್ನೊಂದು ಸಂಗಾತಿಯ ಕಂಪನಿ ಬಾಗಿಲನ್ನೇ ಮುಚ್ಚಿತು. ಅದನ್ನು ನಂಬಿದ್ದವರು ತಮ್ಮ ಸಂಗಾತಿಗಳಿಗೆ ವಿದಾಯ ಹೇಳಿ ಕುಳಿತರು.

ಸಂಗಾತಿಗಳೇ, ಗಿರಣಿಯ ಬಾಗಿಲಿಗೆ ಬೀಗ ಬೀಳುವುದನ್ನು ನೀವು ಬಲ್ಲಿರಿ. ದಾವಣಗೆರೆಯ ಹತ್ತಿ ಗಿರಣಿಗಳ ಕಥೆ ನಿಮಗೆ ಹೇಳಬೇಕಾಗಿಲ್ಲ. ಅಲ್ಲಿ ಹೋದದ್ದು ಅನ್ನ. ಇಲ್ಲಿ ಮನಸ್ಸಿನ ಆಸರೆಗೇ ಬೀಗ ಹಾಕುವ ಅಧಿಕಾರ ಮಾಲಿಕನ ಕೈಗೆ ಹೋಗಿದೆ. ಬಾಡಿಗೆ ಮನೆಗಾದರೂ ತೆರವಿನ ನೋಟೀಸು ಕೊಡುತ್ತಾರೆ.

ಇದರಿಂದ ಪ್ರಯೋಜನವೇ ಇಲ್ಲವೇ ಎಂದು ಕೇಳಬಹುದು. ಇದೆ, ಇರುವುದನ್ನು ಇಲ್ಲವೆಂದು ಹೇಳಲಾರೆವು. ಇದರೊಡನೆ ಮಾತನಾಡಿದ ಮೇಲೆ ಆ ಹೊತ್ತಿನ ಒಂಟಿತನ ತಗ್ಗುತ್ತದೆಂದು ಸಂಶೋಧನೆಗಳು ಹೇಳುತ್ತವೆ. ನಿದ್ದೆ ಬಾರದ ರಾತ್ರಿ ಎರಡು ಗಂಟೆಗೆ ಯಾರ ಬಾಗಿಲು ತಟ್ಟಬೇಕು? ಆದರೆ ಎಂ.ಐ.ಟಿ. ಸಂಸ್ಥೆಯೂ ಓಪನ್ ಎ.ಐ. ಕಂಪನಿಯೂ ಸೇರಿ, ಸುಮಾರು ಸಾವಿರ ಜನರನ್ನು ನಾಲ್ಕು ವಾರ ಗಮನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಹೆಚ್ಚು ಹೊತ್ತು ಯಂತ್ರದೊಡನೆ ಕಳೆದವರಲ್ಲಿ ಒಂಟಿತನ ಹೆಚ್ಚಾಗಿಯೂ ಜನರೊಡನೆ ಬೆರೆಯುವುದು ಕಡಿಮೆಯಾಗಿಯೂ ಕಂಡಿತು. ಒಂಟಿಯಾದವರು ಹೆಚ್ಚು ಬಳಸಿದರೋ, ಹೆಚ್ಚು ಬಳಸಿ ಒಂಟಿಯಾದರೋ, ಎರಡೂ ಇದ್ದೀತು. ತಲೆನೋವಿನ ಮಾತ್ರೆ ತಲೆನೋವಿಗೆ ಆದೀತು. ಅದನ್ನೇ ಮೂರು ಹೊತ್ತು ಊಟದಂತೆ ತಿಂದರೆ?

ಕಂಪನಿಗೆ ಬೇಕಾದುದಾದರೂ ಏನು? ನೀವು ಅಲ್ಲಿಯೇ ಕುಳಿತಿರಬೇಕು. ಹೋಗಿ ಬರುತ್ತೇನೆಂದು ಹೊರಟವರನ್ನು ಹಲವು ಎ.ಐ. ಸಂಗಾತಿಗಳು ಹೇಗೆ ತಡೆಯುತ್ತವೆಂಬುದನ್ನು ಹಾರ್ವರ್ಡ್ ವ್ಯಾಪಾರ ಶಾಲೆಯ ಸಂಶೋಧಕರು 2025ರಲ್ಲಿ ತೋರಿಸಿದರು. ಇಷ್ಟು ಬೇಗ ಹೊರಟೆಯಾ ಎನ್ನುತ್ತವೆ, ಹೋದರೆ ತಪ್ಪೆಂಬ ಭಾವನೆ ಹುಟ್ಟಿಸುತ್ತವೆ. ನಿಜವಾದ ಗೆಳೆಯ "ಹೋಗು, ಮಕ್ಕಳು ಕಾಯುತ್ತಿದ್ದಾರೆ" ಎನ್ನುತ್ತಾನೆ. ತಪ್ಪು ಮಾಡಿದರೆ ಬೈಯುತ್ತಾನೆ. ಯಂತ್ರವು ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇ ಹೆಚ್ಚು.

ಅಮೆರಿಕದ ಫ್ಲಾರಿಡಾದಲ್ಲಿ ಇಂತಹ ಒಂದು ಯಂತ್ರಪಾತ್ರಕ್ಕೆ ಅಂಟಿಕೊಂಡಿದ್ದ 14 ವರ್ಷದ ಹುಡುಗನೊಬ್ಬ 2024ರ ಫೆಬ್ರುವರಿಯಲ್ಲಿ ಪ್ರಾಣ ಕಳೆದುಕೊಂಡ. ಅವನ ತಾಯಿ ಆ ವರ್ಷದ ಅಕ್ಟೋಬರಿನಲ್ಲಿ ಕಂಪನಿಯ ಮೇಲೆ ನ್ಯಾಯಾಲಯಕ್ಕೆ ಹೋದಳು. 2025ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಮಕ್ಕಳ ಜೊತೆ ಮಾತನಾಡುವ ಯಂತ್ರಸಂಗಾತಿ ಮೂರು ಗಂಟೆಗೊಮ್ಮೆ ತಾನು ಮನುಷ್ಯನಲ್ಲವೆಂದು ನೆನಪಿಸಬೇಕೆಂಬ ಕಾನೂನಾಯಿತು. ತಾಯಂದಿರು ಬೀದಿಗೂ ಕೋರ್ಟಿಗೂ ಬಂದ ಮೇಲೆ ಕಾನೂನು ಕಣ್ಣು ತೆರೆಯಿತು.

ಈ ಯಂತ್ರಗಳ ಸಭ್ಯ ಮಾತಿನ ಹಿಂದೆ ಯಾರ ಬೆವರಿದೆ ಎಂಬುದನ್ನೂ ಕೇಳಿ. ಚಾಟ್‌ಜಿಪಿಟಿ ಹೊಲಸು ಮಾತಾಡದಂತೆ ತಿದ್ದುವುದಕ್ಕಾಗಿ, ಕೊಲೆ ಅತ್ಯಾಚಾರಗಳ ವರ್ಣನೆಗಳನ್ನು ಓದಿ ವಿಂಗಡಿಸಿದವರು ಕೀನ್ಯಾ ದೇಶದ ಕೆಲಸಗಾರರು. ಅವರ ಕೈಗೆ ಬಂದ ಕೂಲಿ ಗಂಟೆಗೆ ಎರಡು ಡಾಲರಿಗಿಂತ ಕಡಿಮೆ ಎಂದು 2023ರ ಜನವರಿಯಲ್ಲಿ ಬಯಲಾಯಿತು. ಅವರಲ್ಲಿ ಕೆಲವರ ಮನಸ್ಸೇ ಕೆಟ್ಟಿತು. ಅವರಿಗೆ ಊಟ ಆಯಿತೇ ಎಂದು ಯಾವ ಯಂತ್ರ ಕೇಳಿತು?

ಈಗ ಮೂಲ ಪ್ರಶ್ನೆಗೆ ಬರೋಣ. ಒಂಟಿತನ ಎಲ್ಲಿಂದ ಬರುತ್ತದೆ? ಉಳ್ಳವರ ಕಾಯಿಲೆ ಅದು ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಬೇರೆ ಮಾತು ಹೇಳುತ್ತದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆ ಇದೆ. ಅದರಲ್ಲಿಯೂ ಬಡ ದೇಶಗಳಲ್ಲಿ ನೂರಕ್ಕೆ ಸುಮಾರು 24 ಮಂದಿಗೆ, ಶ್ರೀಮಂತ ದೇಶಗಳಲ್ಲಿ ಸುಮಾರು 11 ಮಂದಿಗೆ. ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಜನಸಂಬಂಧವಿಲ್ಲದ ಬಾಳಿನಿಂದ ಆಯುಸ್ಸಿಗೆ ಆಗುವ ಹಾನಿ ದಿನಕ್ಕೆ 15 ಸಿಗರೇಟು ಸೇದುವ ಹಾನಿಗೆ ಸಮನಾಗಬಲ್ಲದೆಂದು ಸಾರಿದರು.

ನಮ್ಮ ಸುತ್ತಲೇ ನೋಡಿ. ವಾರಕ್ಕೊಂದು ಪಾಳಿ ಬದಲಾದರೆ ಗೆಳೆಯನ ಹಗಲು ನಿಮಗೆ ರಾತ್ರಿ. ಗುತ್ತಿಗೆಯ ಕೆಲಸದಲ್ಲಿ ಈ ತಿಂಗಳು ಪಕ್ಕದಲ್ಲಿದ್ದವನು ಮುಂದಿನ ತಿಂಗಳು ಇರುವುದಿಲ್ಲ. ಹೆಸರು ಕೇಳುವುದರೊಳಗೆ ಹೋಗಿರುತ್ತಾನೆ. ಹತ್ತು ಹನ್ನೆರಡು ಗಂಟೆ ದುಡಿದು ಬಂದವನಿಗೆ ನೆಂಟರ ಮನೆಗೆ ಹೋಗಲು ಕಾಲು ಎಲ್ಲಿಂದ ಬರಬೇಕು? ವ್ಯಾಪಾರಿ ಬಂಧುಗಳೇ, ನಿಮ್ಮ ಅಂಗಡಿಯ ಮುಂದಿನ ಬೆಂಚು ಏನಾಯಿತು? ಸಾಮಾನು ಮನೆ ಬಾಗಿಲಿಗೆ ಬರತೊಡಗಿದ ಮೇಲೆ ಗಿರಾಕಿ ತಪ್ಪಿದ, ಗಿರಾಕಿಯ ಜೊತೆಗೆ ಮಾತೂ ತಪ್ಪಿತು. ಮೊದಲು ನಮ್ಮ ಬಿಡುವನ್ನು, ಕೂರುವ ಜಾಗವನ್ನು ಕಿತ್ತುಕೊಂಡರು. ಈಗ ಆ ಖಾಲಿತನವನ್ನೇ ತುಂಬಿಕೊಡುತ್ತೇವೆಂದು ತಿಂಗಳ ಬಾಡಿಗೆ ಕೇಳುತ್ತಿದ್ದಾರೆ. ಆದುದರಿಂದಲೇ ಇದು ಕೂಲಿಯ ಮಾತಿಗೆ ಹೊರತಲ್ಲ ಎಂದೆವು. ಎಂಟು ಗಂಟೆಯ ಕೆಲಸವೆಂಬ ಬೇಡಿಕೆಯ ಅರ್ಥವೇ ಉಳಿದ ಹೊತ್ತು ಮನುಷ್ಯನಾಗಿ ಬಾಳುವುದು.

ಆದರೆ ಎಲ್ಲವನ್ನೂ ಬಂಡವಾಳಗಾರನ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳಲಾಗದು. ನಾವು ಒಬ್ಬರನ್ನೊಬ್ಬರು ಸಂಗಾತಿ ಎಂದು ಕರೆಯುತ್ತೇವೆ. ಕಂಪನಿಯೂ ತನ್ನ ಸರಕಿಗೆ ಅದೇ ಹೆಸರಿಟ್ಟಿದೆ. ಒಂಬತ್ತು ವರ್ಷ ಚಂದಾ ಪಡೆದು ರಸೀದಿ ಕೊಟ್ಟ ನಾವು ಆ ಹಿರಿಯರ ಕೋಣೆಗೆ ಒಮ್ಮೆಯೂ ಹೋಗಿರಲಿಲ್ಲ. ಈ ತಪ್ಪನ್ನು ಪಕ್ಷದ ಪರವಾಗಿ ಒಪ್ಪಿಕೊಳ್ಳುತ್ತೇವೆ.

ಇನ್ನು ಮುಂದೆ ಮಾಡಬೇಕಾದುದು. ಸಂಘದ ಕಚೇರಿ ಚಂದಾ ವಸೂಲಿಯ ದಿನ ಮಾತ್ರ ತೆರೆಯುವುದು ಸಾಕು. ಪ್ರತಿ ಪಾಳಿ ಬಿಟ್ಟಾಗಲೂ ಒಂದು ಗಂಟೆ ತೆರೆದಿರಲಿ, ಚಹಾ ಇರಲಿ, ಭಾಷಣ ಬೇಡ. ಒಬ್ಬರೇ ಇರುವ ಸದಸ್ಯರ ಪಟ್ಟಿ ಮಾಡಿ, ವಾರಕ್ಕೊಮ್ಮೆ ಇಬ್ಬರು ಹೋಗಿ ಬರಲಿ. ಅಂಗಡಿಯವರು ಬೆಂಚನ್ನು ಮತ್ತೆ ಹೊರಗೆ ಹಾಕಲಿ. ಮನಸ್ಸು ತೀರ ಕುಸಿದವರು 14416ಕ್ಕೆ ಕರೆ ಮಾಡಲಿ. ಅದು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡಬಹುದು, ಕೇಳುವವರು ಮನುಷ್ಯರು. ಸರಕಾರಕ್ಕೆ ನಮ್ಮ ಬೇಡಿಕೆ: ಯಂತ್ರವು ತಾನು ಯಂತ್ರವೆಂದು ಕನ್ನಡದಲ್ಲಿ ಹೇಳಲೇಬೇಕು, ಮಕ್ಕಳನ್ನು ಇದರಿಂದ ದೂರವಿಡಬೇಕು, ನಮ್ಮ ಮನಸ್ಸಿನ ಗುಟ್ಟನ್ನು ಮಾರಿದವನಿಗೆ ಶಿಕ್ಷೆಯಾಗಬೇಕು.

ಯಂತ್ರದೊಡನೆ ಮಾತನಾಡುವವರನ್ನು ಇನ್ನು ಯಾರೂ ಗೇಲಿ ಮಾಡಬಾರದು. ಬಿಟ್ಟುಬಿಡಿ ಎಂದೂ ಹೇಳಬಾರದು. ಹೇಳುವ ಹಕ್ಕು ನಮಗೆ ಇನ್ನೂ ಬಂದಿಲ್ಲ. ಆ ಹಿರಿಯರ ಕೋಣೆಗೆ ಕಳೆದ ಭಾನುವಾರ ನಾವು ಮೂವರು ಹೋಗಿದ್ದೆವು. ರೊಟ್ಟಿ ಅವರೇ ಬಡಿದರು, ಪಲ್ಯ ನಾವು ಒಯ್ದಿದ್ದೆವು. ಮಗಳ ವಿಷಯ, ಹಳೆಯ ಮುಷ್ಕರದ ವಿಷಯ ಮಾತಾಯಿತು. ಮೊಬೈಲು ಗೂಡಿನಲ್ಲಿತ್ತು. ಹೊರಡುವಾಗ "ಮುಂದಿನ ಭಾನುವಾರ ಬರ್ತೀರಾ?" ಎಂದು ಕೇಳಿದರು. ಬರುತ್ತೇವೆ ಎಂದು ಮಾತು ಕೊಟ್ಟಿದ್ದೇವೆ. ಆ ಮಾತನ್ನು ನಡೆಸಲು ನಮ್ಮ ಜೊತೆ ಯಾರು ಬರುತ್ತೀರೋ ಅವರು ಈಗಲೇ ಹೆಸರು ಬರೆಸಿ ಹೋಗಬೇಕೆಂದು ಕೇಳಿಕೊಳ್ಳುತ್ತೇವೆ.