ಶಾಲೆಯ ಮಕ್ಕಳ ಮನಸ್ಸು ಮತ್ತು ನಮ್ಮ ಸಂಘದ ಕರಿ ಹಲಗೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಭಾಷಣ ಮಾಡುವವರಲ್ಲ. ಎಸ್.ಎಸ್.ಎಲ್.ಸಿ.ತನಕ ಓದಿ ಒಕ್ಕಲುತನಕ್ಕೆ ನಿಂತವರು. ಈಗ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸಿ, ಬಹುಮಾನ ಕೊಟ್ಟು ಚಪ್ಪಾಳೆ ತಟ್ಟಿದೆವು. ಬಾಳ ಸಂತೋಷದ ವಿಷಯ. ಆದರೆ ಈ ಪೆಂಡಾಲಿನ ಹಿಂದಿನ ಸಾಲಿನಲ್ಲಿ ಕುಳಿತ ಮಕ್ಕಳು, ಇಲ್ಲಿಗೆ ಬರಲಿಕ್ಕೇ ಮನಸ್ಸಾಗದೆ ಮನೆಯಲ್ಲಿ ಉಳಿದ ಮಕ್ಕಳು, ಅವರ ಬಗ್ಗೆ ಎರಡು ಮಾತು ಹೇಳಬೇಕೆಂದು ಎದ್ದು ನಿಂತಿದ್ದೇವೆ.

ನಮ್ಮ ಸಹಕಾರ ಚಳವಳಿ ಹುಟ್ಟಿದ್ದು ನಮ್ಮ ನೆರೆಯಲ್ಲೇ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಆಗ ಗದಗ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಬಡ ಒಕ್ಕಲಿಗ ಸಾಲಕ್ಕಾಗಿ ಸಾವಕಾರನ ಕಟ್ಟೆಯ ಮುಂದೆ ತಲೆ ತಗ್ಗಿಸಿ ನಿಲ್ಲುವುದು ತಪ್ಪಲಿ ಎಂಬುದು ಸಹಕಾರದ ಉದ್ದೇಶ. ಹೀಗೆ ತಲೆ ಎತ್ತಿಸಲಿಕ್ಕೆ ಹುಟ್ಟಿದ ಸಂಘವೇ ಒಂದು ಹುಡುಗನ ತಲೆ ತಗ್ಗಿಸಿದ ಸಂಗತಿಯನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ. ಆ ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದೇ.

ಕೆಲವು ವರ್ಷಗಳ ಹಿಂದೆ ಹೆಸರು ಬುಡ್ಡಿ ಬಿಡಿಸುವ ಹೊತ್ತಿಗೆ ಮಳೆ ಹಿಡಿದು, ಹೊಲದಲ್ಲೇ ಕಾಳು ಮೊಳಕೆ ಒಡೆಯಿತು. ಆ ವರ್ಷ ವಸೂಲಿ ಆಗಲಿಲ್ಲ. ಆಡಳಿತ ಮಂಡಳಿ ಸಭೆಯಲ್ಲಿ ನಾವೇ ಎದ್ದು, "ಸುಸ್ತಿದಾರರ ಹೆಸರು ಹೊರಗಿನ ಹಲಗೆ ಮ್ಯಾಲ ದೊಡ್ಡ ಅಕ್ಷರದಾಗ ಬರಸ್ರಿ, ಆಗ ನಾಚಿಕಿ ಬಂದು ಕಟ್ತಾರ" ಎಂದೆವು. ಎಲ್ಲರೂ ಹೌದೆಂದರು. ಹಲಗೆ ತೂಗಿತು. ನಮ್ಮ ಸಂಘದ ಗೋಡೆಗೂ ಶಾಲೆಯ ಗೇಟಿಗೂ ನಡುವೆ ಒಂದು ರಸ್ತೆ ಅಷ್ಟೇ. ಆ ಹಲಗೆಯನ್ನು ಓದಬೇಕಾದ ಹಿರಿಯರಲ್ಲಿ ಅರ್ಧ ಮಂದಿಗೆ ಅಕ್ಷರ ಬಾರದು. ಓದಿದವರು ಯಾರು? ಸಾಲಿಗೆ ಹೋಗುವ ಹುಡುಗರು. ಓದು ಬಂದ ಸಂತೋಷಕ್ಕೆ ಕೂಗಿ ಕೂಗಿ ಓದಿದರು.

ಹದಿನೈದು ದಿವಸದ ಮೇಲೆ ಶಾಲೆಯ ಅಕ್ಕೋರೊಬ್ಬರು ನಮ್ಮ ಮನೆಗೆ ಬಂದರು. ಏಳನೆಯ ಇಯತ್ತೆಯ ಒಬ್ಬ ಹುಡುಗ ಮಧ್ಯಾಹ್ನದ ಬಿಸಿಯೂಟಕ್ಕೆ ಕೂಡುತ್ತಿಲ್ಲ, ದಿನಾ ಮುಂಜಾನೆ ಹೊಟ್ಟೆನೋವು ಅನ್ನುತ್ತಾನೆ, ಸಂಘದ ಮುಂದಿನ ದಾರಿ ಬಿಟ್ಟು ಹಳ್ಳದ ಕಡೆಯಿಂದ ಸುತ್ತು ಹಾಕಿ ಬರುತ್ತಾನೆ ಎಂದರು. ಅವರು ಅವನನ್ನು ಬೈಯದೆ, ನಾಲ್ಕು ದಿನ ಪುಸ್ತಕ ಜೋಡಿಸುವ ನೆವದಿಂದ ಹತ್ತಿರ ಕೂಡಿಸಿಕೊಂಡಿದ್ದರಂತೆ. ಐದನೆಯ ದಿನ ಹುಡುಗ ತಾನಾಗಿ ಬಾಯಿ ಬಿಟ್ಟ. "ಅಕ್ಕೋರ, ನಮ್ಮಪ್ಪನ ಹೆಸರು ಹಲಗಿ ಮ್ಯಾಲ ಐತ್ರಿ. ಎಲ್ಲಾರೂ ನನಗ ಸುಸ್ತಿ ಸುಸ್ತಿ ಅಂತಾರ್ರಿ."

ಆ ಹುಡುಗ ಯಾರೆಂದು ಊರಿಗೆ ಗೊತ್ತಿರಬಹುದು. ಬಾಯಿಗೆ ತರುವುದು ಬ್ಯಾಡ. ಅವನ ತಂದೆಯನ್ನು ಕೇಳಿಕೊಂಡೇ ಈ ಮಾತು ಹೇಳುತ್ತಿದ್ದೇವೆ.

ಮರುದಿನ ನಾವೇ ಹೋಗಿ ಹಲಗೆ ಇಳಿಸಿದೆವು. ಸಭೆಯಲ್ಲಿ ಜಗಳವೇ ಆಯಿತು. "ಹಿಂಗಾದರ ವಸೂಲಿ ಹೆಂಗ್ರಿ?" ಎಂದರು. ಕೊನೆಗೆ ಯಾದಿ ಕಚೇರಿಯ ಒಳಗಿನ ಪುಸ್ತಕದಲ್ಲಿ ಇರಲಿ, ನೋಟೀಸು ಮುಚ್ಚಿದ ಲಕೋಟೆಯಲ್ಲಿ ಸದಸ್ಯನ ಕೈಗೇ ಹೋಗಲಿ ಎಂದು ಠರಾವು ಆಯಿತು. ಆ ತಂದೆ ಕಡಲೆ ಬಂದ ಮೇಲೆ ಬಡ್ಡಿ ಸಹಿತ ಕಟ್ಟಿದ. ಅವನು ಚುಕ್ತಾ ಆದ. ನಾವು ಆಗಿಲ್ಲ. ಆ ಹುಡುಗ ಈಗ ಬಸ್ಸಿಗೆ ಹೈಸ್ಕೂಲಿಗೆ ಹೋಗುತ್ತಾನೆ. ನಮ್ಮನ್ನು ಕಂಡರೆ ಇನ್ನೂ ಮುಖ ಎತ್ತಿ ಮಾತಾಡುವುದಿಲ್ಲ. ಆ ಬಾಕಿ ನಮ್ಮ ಹೆಸರಿನಲ್ಲಿ ಹಾಗೇ ಉಳಿದಿದೆ.

ಬಂಧುಗಳೇ, ಎತ್ತು ಮೇವು ಬಿಟ್ಟರೆ ನಾವು ಅದೇ ದಿನ ದನದ ಡಾಕ್ಟರರನ್ನು ಕರೆಯುತ್ತೇವೆ. ಮಗು ಊಟ ಬಿಟ್ಟರೆ "ಸೊಕ್ಕು" ಅನ್ನುತ್ತೇವೆ. ದಿನಾ ಮುಂಜಾನೆ ತಲೆನೋವು, ಹೊಟ್ಟೆನೋವು ಅನ್ನುವುದು, ಗೆಳೆಯರನ್ನು ಬಿಟ್ಟು ಒಂಟಿಯಾಗಿ ಕೂಡುವುದು, ರಾತ್ರಿ ನಿದ್ದೆ ಬಾರದಿರುವುದು, ದೊಡ್ಡವನಾದ ಮೇಲೂ ಹಾಸಿಗೆ ಒದ್ದೆಯಾಗುವುದು, ಸಣ್ಣ ಮಾತಿಗೆ ಸಿಟ್ಟು, ಒಮ್ಮೆಲೇ ಓದಿನಲ್ಲಿ ಹಿಂದೆ ಬೀಳುವುದು, ಇವೆಲ್ಲ ಮನಸ್ಸು ಹೇಳುವ ಮಾತುಗಳು. ನಿಜವಾದ ಬ್ಯಾನಿಯೂ ಇರಬಹುದು, ಮೊದಲು ಡಾಕ್ಟರರಿಗೆ ತೋರಿಸಬೇಕು. ಜೊತೆಗೆ "ಏನಾತು ತಮ್ಮಾ, ಏನಾತವ್ವಾ" ಎಂದು ಕೇಳಬೇಕು. ಕೇಳಿದ ಮೇಲೆ ಸುಮ್ಮನೆ ಕುಳಿತು ಕೇಳಿಸಿಕೊಳ್ಳಬೇಕು.

ಮಕ್ಕಳ ಪಾಟೀಚೀಲದಲ್ಲಿ ಪುಸ್ತಕ ಮಾತ್ರ ಇರುವುದಿಲ್ಲ. ಮನೆಯ ಜಗಳ, ಅಪ್ಪನ ಕುಡಿತ, ಮಳೆ ಹೋದ ಚಿಂತೆ, ಗೋವಾ ಕಡೆಗೆ ದುಡಿಯಲು ಹೋದ ತಾಯಿ-ತಂದೆಯ ನೆನಪು, ಎಲ್ಲವೂ ಅದರೊಳಗೆ ಇರುತ್ತವೆ. 2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಸಾಲಿ ಮುಚ್ಚಿದಾಗ ಗೆಳೆಯರಿಲ್ಲದೆ ಮಕ್ಕಳು ಹೆಂಗ ಸೊರಗಿದರು ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ಗುರುಗಳಿಗೆ ಒಂದು ವಿನಂತಿ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೆಯ ಕಲಮಿನ ಪ್ರಕಾರ ಮಗುವನ್ನು ಹೊಡೆಯುವಂತಿಲ್ಲ, ಮನಸ್ಸಿಗೆ ಕಿರುಕುಳ ಕೊಡುವಂತೆಯೂ ಇಲ್ಲ. ಬೆತ್ತ ಕಡಿಮೆಯಾಗಿದೆ, ನಿಜ. ನಾಲಿಗೆಯ ಪೆಟ್ಟೂ ಕಡಿಮೆಯಾಗಬೇಕು. ನಮ್ಮ ಜಿಲ್ಲೆಯ ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು ಶಿಶುನಾಳದ ಶರೀಫರನ್ನು ಶಿಷ್ಯನಾಗಿ ಸ್ವೀಕರಿಸುವಾಗ ಜಾತಿ-ಮತ ನೋಡಲಿಲ್ಲ, ಊರ ಮಂದಿಯ ಮಾತಿಗೂ ಅಂಜಲಿಲ್ಲ. ಅಂಥ ಗುರುವಿನ ನೆಲ ಇದು. ನಮ್ಮ ಅಕ್ಕೋರು ಮಾಡಿದ್ದೂ ಅದೇ ಜಾತಿಯ ಕೆಲಸ.

ಇನ್ನು ಪರೀಕ್ಷೆಯ ಮಾತು. ನಾವು ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲ ಸಲ ಗಣಿತಕ್ಕೆ ಫೇಲಾದವರು. ಇದು ನಮ್ಮ ಮಕ್ಕಳಿಗೂ ಇಂದೇ ಗೊತ್ತಾಗುತ್ತಿದೆ. ಫಲಿತಾಂಶದ ದಿನ ಮನೆಗೆ ಹೋಗದೆ ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಕುಳಿತಿದ್ದೆವು. ಬರಬಾರದ ವಿಚಾರವೆಲ್ಲ ತಲೆಗೆ ಬಂದವು. ಹೊತ್ತು ಮುಳುಗುವಾಗ ಅಪ್ಪ ಹುಡುಕಿಕೊಂಡು ಬಂದ. ಹೊಡೆಯುತ್ತಾನೆಂದು ಕುಗ್ಗಿದೆವು. ಅವನು ಅಂದದ್ದು ಇಷ್ಟೇ: "ಏಳ ತಮ್ಮಾ, ನಿಮ್ಮವ್ವ ರೊಟ್ಟಿ ಮಾಡಿ ಕಾಯಾಕ ಹತ್ಯಾಳ." ಆ ಅಕ್ಟೋಬರಿನಲ್ಲಿ ಮತ್ತೆ ಬರೆದು ಪಾಸಾದೆವು. ಆ ಸಂಜೆ ಅಪ್ಪ ಬೇರೆ ಮಾತು ಆಡಿದ್ದರೆ ನಾವು ಇಲ್ಲಿ ನಿಂತಿರುತ್ತಿದ್ದೆವೋ ಇಲ್ಲವೋ. 2024ರಿಂದಂತೂ ಒಂದೇ ವರ್ಷದಲ್ಲಿ ಪರೀಕ್ಷೆಯನ್ನು ಮತ್ತೆ ಬರೆಯುವ ಅವಕಾಶವನ್ನು ಸರಕಾರವೇ ಕೊಟ್ಟಿದೆ. ಸರಕಾರ ಕೊಟ್ಟ ಅವಕಾಶವನ್ನು ಮನೆಯವರು ಕೊಡದಿದ್ದರೆ ಹೆಂಗ?

ಮಗುವಿನ ಬಾಯಿಂದ "ನಾ ಇರಬಾರದಿತ್ತು" ಎಂಬ ಮಾತು ಬಂದರೆ ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿರಿ, ಒಂಟಿಯಾಗಿ ಬಿಡಬೇಡಿರಿ. ಟೆಲಿ-ಮಾನಸ್ ಎಂಬ ಸರಕಾರದ ಸಹಾಯವಾಣಿ 2022ರಿಂದ ಇದೆ. ನಂಬರು 14416. ಹಗಲು-ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ. ಮಕ್ಕಳಿಗೆ ಏನೇ ತೊಂದರೆಯಾದರೂ 1098 ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಅದನ್ನು "ಹುಚ್ಚರ ದವಾಖಾನಿ" ಎಂದು ಕರೆದು ಕರೆದು, ಹೋಗಬೇಕಾದವರೂ ಹೋಗದಂತೆ ಮಾಡಿದವರು ನಾವೇ. ಜ್ವರಕ್ಕೆ ಹೋದಂತೆ ಅಲ್ಲಿಗೂ ಹೋಗಬೇಕು.

1980ರಲ್ಲಿ ಕರದ ವಿರುದ್ಧ ನವಲಗುಂದದಲ್ಲಿ ದನಿ ಎತ್ತಿದ ರೈತರ ಮಕ್ಕಳು ನಾವು. ನೀರು, ಬೆಲೆ, ಬೆಳೆವಿಮೆ ಎಂದರೆ ಇಂದಿಗೂ ಗಟ್ಟಿಯಾಗಿ ಮಾತಾಡುತ್ತೇವೆ. ಮಕ್ಕಳ ಮನಸ್ಸಿನ ಮಾತು ಬಂದರೆ ಮಾತ್ರ ದನಿ ಇಳಿಸುತ್ತೇವೆ. ಇದು ಹೋಗಬೇಕು.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಮೂರು ಸೂಚನೆ ಇಡುತ್ತೇವೆ. ಒಂದು, ವಸೂಲಿಗೆ ಮನೆಗೆ ಹೋಗುವುದಾದರೆ ಮಕ್ಕಳು ಸಾಲಿಯಲ್ಲಿರುವ ಹೊತ್ತಿಗೆ ಹೋಗಬೇಕು, ಅಂಗಳದಲ್ಲಿ ನಿಂತು ಕೂಗಬಾರದು. ಎರಡು, ಶಾಲೆಯ ಎಸ್.ಡಿ.ಎಂ.ಸಿ. ಸಭೆಯಲ್ಲಿ ಕಟ್ಟಡ, ಕಂಪೌಂಡಿನ ಮಾತಿನ ಜೊತೆಗೆ "ಯಾವ ಮಗು ಬಾಡಿದೆ" ಎಂದು ಗುರುಗಳನ್ನು ಕೇಳಬೇಕು. ಹೆಸರು ಅಲ್ಲಿಂದ ಹೊರಗೆ ಬರಬಾರದು. ಮೂರು, ಬರುವ ವರ್ಷದಿಂದ ಎರಡನೆಯ ಸಲ ಬರೆದು ಪಾಸಾದ ಮಕ್ಕಳಿಗೂ ಇದೇ ವೇದಿಕೆಯ ಮೇಲೆ ಬಹುಮಾನ ಕೊಡಬೇಕು. ಮೊದಲ ವರ್ಷದ ಬಹುಮಾನದ ಖರ್ಚು ನಮ್ಮದು.

ಎಲ್ಲರೂ ಒಬ್ಬನಿಗಾಗಿ, ಒಬ್ಬ ಎಲ್ಲರಿಗಾಗಿ ಎಂಬುದು ಸಹಕಾರದ ತತ್ವ. ಆ ಒಬ್ಬ ಹಿಂದಿನ ಬೆಂಚಿನ ಹುಡುಗನೂ ಆಗಿರಬಹುದು ಎಂಬುದನ್ನು ಮರೆಯಬಾರದು. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕೆಂದು ಕೇಳಿಕೊಂಡು, ನಮ್ಮ ಎರಡು ಮಾತು ಮುಗಿಸುತ್ತೇವೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.